ಗುಂಡೂ ಅಲ್ಲ, ಬೆಂಡೂ ಅಲ್ಲ

ಮಲ್ಪೆಯ ಬಲೆ ಅಂಗಡಿಯಲ್ಲಿ ಅರ್ಧ ಕಿಲೋ ಸೀಸದ ಮಣಿ ಮತ್ತು ಹತ್ತು ಬೆಂಡು ಕೇಳಿದೆ. ಅಂಗಡಿಯವರು ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ಒಮ್ಮೆ ನೋಡಿ, "ಬೀಸುಬಲೆಗಾ?" ಎಂದರು. "ಅಲ್ಲ, ಒಂದು ಸಣ್ಣ ಜಲಾಂತರ್ಗಾಮಿಗೆ" ಎಂದೆ. ಅವರು ನಗಲಿಲ್ಲ. "ಮುಳುಗುವುದಕ್ಕೆ ಸೀಸ ಸರಿ, ಬೆಂಡು ಯಾಕೆ?" ಎಂದು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವರ್ಷದ ಕೆಲಸ ಮುಗಿದ ಮೇಲೆ ಈಗ ಇದೆ. ಗುಂಡು ತಾನಾಗಿ ಮುಳುಗುತ್ತದೆ, ಬೆಂಡು ತಾನಾಗಿ ತೇಲುತ್ತದೆ. ಎರಡೂ ಅಲ್ಲದ ಒಂದು ವಸ್ತುವನ್ನು ಮಾಡುವುದರಲ್ಲೇ ಎಲ್ಲ ತಲೆನೋವು ಇರುವುದು.

ನಾನು ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಲೆಕ್ಕ ಬರೆದು ನಿವೃತ್ತನಾದವನು, ಮನೆ ಉಡುಪಿಯಲ್ಲಿ. ಎಂಜಿನಿಯರಿಂಗ್ ಓದಿದವನಲ್ಲ. ವಿಶಾಖಪಟ್ಟಣದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್ಎಸ್ ಕುರ್ಸುರಾ ಜಲಾಂತರ್ಗಾಮಿಯ ಒಳಗೆ ಬಗ್ಗಿ ಬಗ್ಗಿ ನಡೆದು ಹೊರಬಂದ ದಿನವೇ ಅದರ ಸಣ್ಣ ಮಾದರಿ ಮಾಡಿ ರೇಡಿಯೊದಿಂದ ಓಡಿಸುವ ಹುಚ್ಚು ಹಿಡಿಯಿತು. 1969ರಲ್ಲಿ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತಿಯಾದ ಸೋವಿಯತ್ ನಿರ್ಮಿತ ಫಾಕ್ಸ್‌ಟ್ರಾಟ್ ವರ್ಗದ ನೌಕೆ ಅದು. ಉದ್ದ 91.3 ಮೀಟರ್, ಅಗಲ 7.5 ಮೀಟರ್, ಹಿಂದೆ ಮೂರು ಪ್ರೊಪೆಲರ್. ಊರಿಗೆ ಬಂದು ಲೆಕ್ಕ ಹಾಕಿದೆ. ಮನೆ ಕಟ್ಟಿದಾಗ ಉಳಿದಿದ್ದ ಚರಂಡಿಯ ಪಿವಿಸಿ ಪೈಪಿನ ಹೊರವ್ಯಾಸ 110 ಮಿ.ಮೀ. ಏಳೂವರೆ ಮೀಟರನ್ನು ಅದರಿಂದ ಭಾಗಿಸಿದರೆ 68. ಹೀಗೆ ನನ್ನ ಮಾದರಿಯ ಅಳತೆ 1:68 ಎಂದು ಪೈಪೇ ತೀರ್ಮಾನಿಸಿತು. ಉದ್ದ 134 ಸೆಂಟಿಮೀಟರ್ ಬಂತು. ನಿಜವಾದ ನೌಕೆಯ ಅಡ್ಡಕೊಯ್ತ ಇಷ್ಟು ದುಂಡಗಿಲ್ಲ ಎಂದು ಆಕ್ಷೇಪಿಸುವವರು ಆಕ್ಷೇಪಿಸಲಿ. ಮೇಲೆ ಡೆಕ್ ಕೂರಿಸಿದರೆ ಹತ್ತು ಅಡಿ ದೂರದಿಂದ ಗೊತ್ತಾಗುವುದಿಲ್ಲ.

ಮೊದಲ ತಪ್ಪು ಆ ಪೈಪನ್ನೇ ಗಾಳಿಯ ಕೋಣೆ ಮಾಡಲು ಹೊರಟದ್ದು. 60 ಸೆಂಟಿಮೀಟರ್ ತುಂಡಿನ ಎರಡೂ ತುದಿಗೆ ಮುಚ್ಚಳ ಅಂಟಿಸಿ, ಒಳಗೆ ಮೋಟಾರು, ಬ್ಯಾಟರಿ ಎಲ್ಲ ಇಟ್ಟು ತೂಗಿದರೆ ಮೂರು ಕಿಲೋ ಚಿಲ್ಲರೆ. ಅದು ಸರಿಸುವ ನೀರು ಐದು ಮುಕ್ಕಾಲು ಲೀಟರ್. ಮುಳುಗಿಸಲು ಇನ್ನೂ ಎರಡೂವರೆ ಕಿಲೋ ಕಬ್ಬಿಣ ತುಂಬಬೇಕು, ಆಮೇಲೆ ಮೇಲೆ ಬರಲು ದೊಡ್ಡ ತೊಟ್ಟಿಯಷ್ಟು ನೀರನ್ನು ಹೊರದಬ್ಬಬೇಕು. ಆ ಪೈಪಿನ ತುಂಡು ಈಗ ಮಲ್ಲಿಗೆ ಗಿಡದ ಬುಡಕ್ಕೆ ನೀರು ಬಿಡುವ ಕೆಲಸದಲ್ಲಿದೆ.

ಆಮೇಲೆ ತಿಳಿದದ್ದು, ಹೊರಗಿನ ಒಡಲೊಳಗೆ ನೀರು ಧಾರಾಳವಾಗಿ ನುಗ್ಗಲಿ ಎಂಬ ಕ್ರಮ. ಒಡಲು ಬರೀ ಆಕಾರಕ್ಕೆ. ಅದರೊಳಗೆ ಸಣ್ಣದೊಂದು ಸಿಲಿಂಡರಿನಲ್ಲಿ ಮಾತ್ರ ಗಾಳಿ, ಯಂತ್ರವೆಲ್ಲ ಅದರಲ್ಲೇ. ನನ್ನದು 80 ಮಿ.ಮೀ. ವ್ಯಾಸದ, 45 ಸೆಂಟಿಮೀಟರ್ ಉದ್ದದ ಅಕ್ರಿಲಿಕ್ ಕೊಳವೆ, ಸರಿಸುವ ನೀರು ಸುಮಾರು 2.26 ಕಿಲೋ. ಅಕ್ರಿಲಿಕ್ ಆರಿಸಿದ್ದಕ್ಕೆ ಒಂದೇ ಕಾರಣ: ಒಳಗೆ ನೀರು ಬಂದರೆ ಕಣ್ಣಿಗೆ ಕಾಣುತ್ತದೆ. ಈ ಕ್ರಮದಲ್ಲಿ ಮುಳುಗಲು ಎಷ್ಟು ನೀರು ಒಳಗೆ ತೆಗೆದುಕೊಳ್ಳಬೇಕು ಎಂಬುದು, ತೇಲುವಾಗ ನೀರಿನ ಮೇಲೆ ಉಳಿಯುವ ವಸ್ತುವಿನ ಗಾತ್ರಕ್ಕೆ ಸಮ. ಡೆಕ್ಕನ್ನೂ ಗೋಪುರವನ್ನೂ ತುಂಬಿದ ಬಕೆಟ್ಟಿನಲ್ಲಿ ಅದ್ದಿ, ಹೊರಚೆಲ್ಲಿದ ನೀರನ್ನು ಅಡುಗೆಮನೆಯ ಅಳತೆ ಲೋಟದಲ್ಲಿ ಹಿಡಿದೆ. 150 ಮಿಲಿಲೀಟರ್. ಅಷ್ಟೇ ಸಾಕು.

ಸಿಲಿಂಡರಿನ ಮುಚ್ಚಳಗಳನ್ನು ನೈಲಾನ್ ದಿಂಡಿನಿಂದ ಲೇತ್ ಅಂಗಡಿಯಲ್ಲಿ ಕಡೆಸಿದೆ. ಪ್ರತಿ ಮುಚ್ಚಳಕ್ಕೆ ಎರಡು ಒ-ರಿಂಗ್, ಎಂದರೆ ನೀರು ತಡೆಯುವ ರಬ್ಬರ್ ಬಳೆ. ಮೂರು ಮಿ.ಮೀ. ದಪ್ಪದ ರಿಂಗಿಗೆ ಮೂರು ಮಿ.ಮೀ. ಆಳದ ಗಾಡಿ (ರಿಂಗು ಕೂರುವ ತೋಡು) ಎಂದು ನಾನೇ ಚಿತ್ರ ಬರೆದುಕೊಟ್ಟೆ, ಅವರು ಹಾಗೆಯೇ ಕಡೆದುಕೊಟ್ಟರು. ರಿಂಗು ಗಾಡಿಯಲ್ಲಿ ಹಾಯಾಗಿ ಮಲಗಿತು, ನೀರು ಅದಕ್ಕಿಂತ ಹಾಯಾಗಿ ಒಳಗೆ ಬಂತು. ರಿಂಗು ತನ್ನ ದಪ್ಪದ ಸುಮಾರು ಐದನೇ ಒಂದು ಭಾಗದಷ್ಟು ಅಮುಕಿಸಿಕೊಂಡರೆ ಚೆನ್ನಾಗಿ ತಡೆಯುತ್ತದೆ. ಗಾಡಿ 2.4 ಮಿ.ಮೀ. ಸಾಕಿತ್ತು. ಎರಡನೇ ಜೋಡಿ ಸರಿಯಾಯಿತು, ಆದರೆ ಮುಚ್ಚಿದ ಕೂಡಲೇ ಒಳಗಿನ ಗಾಳಿ ಒತ್ತಿಕೊಂಡು ಮುಚ್ಚಳವನ್ನು ಮೆಲ್ಲನೆ ಹೊರಗೆ ದೂಡುತ್ತಿತ್ತು. ಸೈಕಲ್ ಟ್ಯೂಬಿನ ವಾಲ್ವ್ ಒಂದನ್ನು ಮುಚ್ಚಳಕ್ಕೆ ಕೂರಿಸಿದೆ. ಮುಚ್ಚುವಾಗ ಗಾಳಿ ಬಿಡಲೂ ಆಯಿತು, ಸೈಕಲ್ ಪಂಪಿನಿಂದ ಎರಡು ಸಲ ಒತ್ತಿ ಬಕೆಟ್ಟಿನಲ್ಲಿ ಅದ್ದಿ ಗುಳ್ಳೆ ಹುಡುಕಲೂ ಆಯಿತು. ಎರಡು ಮೀಟರ್ ಆಳದಲ್ಲಿ ಇಷ್ಟು ಸಣ್ಣ ಮುಚ್ಚಳದ ಮೇಲೂ ನೀರು ಹತ್ತು ಕಿಲೋ ಬಲದಿಂದ ಒತ್ತುತ್ತದೆ, ಆದ್ದರಿಂದ ಬಕೆಟ್ಟಿನ ಪರೀಕ್ಷೆ ಒಂದೇ ಸಾಲದು.

ಮೋಟಾರಿನ ದಂಡ ಹೊರಬರುವ ತೂತಿನದು ಬೇರೆಯೇ ಕಥೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಮಲ್ಪೆಯಲ್ಲಿ ಬೋಟುಗಳೆಲ್ಲ ಮೈ ಬಿಚ್ಚಿ ನಿಂತಿರುತ್ತವೆ. ಒಬ್ಬ ಹಿರಿಯ ಮೆಕ್ಯಾನಿಕ್ ಒಂದು ಬೋಟಿನ ಸ್ಟರ್ನ್ ಟ್ಯೂಬಿನಿಂದ (ಪ್ರೊಪೆಲರಿನ ದಂಡ ಹೊರಬರುವ ಕೊಳವೆ) ಹಳೆಯ ಗ್ಲ್ಯಾಂಡ್ ಪ್ಯಾಕಿಂಗನ್ನು, ಎಂದರೆ ನೀರು ತಡೆಯಲು ದಂಡಕ್ಕೆ ಸುತ್ತುವ ಹುರಿಯನ್ನು, ಕೊಕ್ಕೆ ಹಾಕಿ ತೆಗೆಯುತ್ತಿದ್ದರು. ನನ್ನ ಸಮಸ್ಯೆ ಹೇಳಿಕೊಂಡೆ. "ಗ್ಲ್ಯಾಂಡು ಹನಿಯಬೇಕು, ಸ್ವಾಮೀ. ಹನಿಯದಷ್ಟು ಬಿಗಿದರೆ ದಂಡ ಸುಡುತ್ತದೆ" ಎಂದರು. ಅವರ ಬೋಟಿಗೆ ಹನಿಯೇ ತಂಪು, ನನ್ನ ಸಿಲಿಂಡರಿಗೆ ಒಂದು ಹನಿಯೂ ಅಪಾಯ. ಆದರೂ ಅವರ ಮಾತನ್ನು ಅರ್ಧ ಕೇಳದೆ ಗ್ರೀಸ್ ಹಚ್ಚಿದ ಹತ್ತಿನೂಲು ಸುತ್ತಿ ಬಿಗಿದೆ. ಮೋಟಾರು ಎರಡು ಪಟ್ಟು ಕರೆಂಟ್ ಎಳೆದು ಬಿಸಿಯಾಯಿತು. ಈಗಿರುವುದು ಹಿತ್ತಾಳೆಯ ಕೊಳವೆ, ಎರಡು ತುದಿಗೆ ಸಡಿಲವಾಗಿ ಕುಳಿತ ಎರಡು ಸಣ್ಣ ಒ-ರಿಂಗ್, ನಡುವೆ ತುಂಬಿದ ಗ್ರೀಸ್. ನೀರನ್ನು ತಡೆಯುವುದು ಮುಖ್ಯವಾಗಿ ಆ ಗ್ರೀಸ್. ನಡುವಿನ ಪ್ರೊಪೆಲರ್ ಮಾತ್ರ ಮೋಟಾರಿನದು, ಪಕ್ಕದ ಎರಡು ಸುಮ್ಮನೆ ತಿರುಗುತ್ತವೆ. ಇನ್ನೆರಡು ತೂತು ಕೊರೆಯುವ ಧೈರ್ಯ ನನಗೆ ಬರಲಿಲ್ಲ.

ನೀರು ಕುಡಿಯುವ ಅಂಗ ಮೂರು ಸಿರಿಂಜ್, ತಲಾ 60 ಮಿಲಿಲೀಟರಿನವು, ಔಷಧದ ಅಂಗಡಿಯಲ್ಲಿ ಸಿಗುವಂಥವೇ. ಮೂರನ್ನೂ ತ್ರಿಕೋನವಾಗಿ ಕಟ್ಟಿ, ನಡುವಿನ ಸಂದಿಯಲ್ಲಿ 4 ಮಿ.ಮೀ. ತಿರುಪಿನ ಸರಳು (ಥ್ರೆಡ್ ರಾಡ್) ತೂರಿಸಿ, ಸಣ್ಣ ಗೇರ್ ಮೋಟಾರಿನಿಂದ ಮೂರು ಪಿಸ್ಟನನ್ನೂ ಒಟ್ಟಿಗೆ ಎಳೆಯುವಂತೆ ಮಾಡಿದೆ. ಎರಡು ತುದಿಗೂ, ಪಿಸ್ಟನ್ ಅಲ್ಲಿಗೆ ಮುಟ್ಟಿದ ಕೂಡಲೇ ಮೋಟಾರನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ ಇದೆ. ಇಲ್ಲದಿದ್ದರೆ ಮೋಟಾರು ತನ್ನನ್ನೇ ಕಿತ್ತುಕೊಳ್ಳುತ್ತದೆ. ಇಲ್ಲಿ ಮಾಡಿದ ತಪ್ಪು ಪಿಸ್ಟನ್ನಿನ ರಬ್ಬರಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದ್ದು. ವಾರದಲ್ಲಿ ರಬ್ಬರ್ ಉಬ್ಬಿ, ನೆನೆದ ಅವಲಕ್ಕಿಯಂತಾಗಿ, ಸಿರಿಂಜಿನಲ್ಲಿ ಕಚ್ಚಿಕೊಂಡಿತು. ಅದಕ್ಕೆ ಸಿಲಿಕೋನ್ ಎಣ್ಣೆಯೇ ಆಗಬೇಕು.

ಸಿರಿಂಜಿನಲ್ಲಿ ನಾನು ಯೋಜಿಸದೆ ಸಿಕ್ಕಿದ ಒಂದು ಲಾಭವಿದೆ. ಪಿಸ್ಟನ್ ಹಿಂದೆ ಸರಿದು 180 ಮಿಲಿಲೀಟರ್ ನೀರು ಎಳೆದಾಗ ಸಿಲಿಂಡರಿನ ಗಾಳಿಗೆ ಅಷ್ಟು ಜಾಗ ಕಡಿಮೆಯಾಗುತ್ತದೆ. ನನ್ನದರಲ್ಲಿ ಖಾಲಿ ಜಾಗ ಒಂದು ಲೀಟರಿಗೆ ಸ್ವಲ್ಪ ಹೆಚ್ಚು. ಹಾಗಾಗಿ ಒಳಗಿನ ಒತ್ತಡ ಸುಮಾರು ಎರಡು ಮೀಟರ್ ನೀರಿನ ಒತ್ತಡದಷ್ಟು ಏರುತ್ತದೆ. ಮುಳುಗಿದ ಮೇಲೆ ಆ ಆಳದವರೆಗೆ ಎಲ್ಲಾದರೂ ಸಂದಿಯಿದ್ದರೆ ನೀರು ಒಳಗೆ ಬರುವ ಬದಲು ಗಾಳಿ ಹೊರಗೆ ಹೋಗುತ್ತದೆ, ಗುಳ್ಳೆ ನೋಡಿ ಎಚ್ಚರಾಗಬಹುದು.

ರೇಡಿಯೊ ವಿಷಯಕ್ಕೆ ಬರುತ್ತೇನೆ. ಈಗ ಅಂಗಡಿಯಲ್ಲಿ ಸಿಗುವುದೆಲ್ಲ 2.4 ಗಿಗಾಹರ್ಟ್ಸ್, ನೀರಿನಲ್ಲಿ ಅದಕ್ಕೆ ಉಸಿರಿಲ್ಲ. ಆವರ್ತನ ಕಡಿಮೆಯಾದಷ್ಟೂ ಆಳಕ್ಕೆ ಇಳಿಯುತ್ತದೆ. ನಮ್ಮ ನೌಕಾಪಡೆ ಮುಳುಗಿದ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲೆಂದೇ ತಿರುನೆಲ್ವೇಲಿಯ ಕಡೆ 1990ರಲ್ಲಿ ಐಎನ್ಎಸ್ ಕಟ್ಟಬೊಮ್ಮನ್ ಎಂಬ ಅತಿ ಕಡಿಮೆ ಆವರ್ತನದ ಕೇಂದ್ರವನ್ನು ಕಟ್ಟಿದ್ದು ಇದೇ ಕಾರಣಕ್ಕೆ. ನನಗೆ ಸಿಕ್ಕಿದ್ದು ದುಬೈಯಲ್ಲಿದ್ದ ಭಾವ ಎಂದೋ ತಂದು ಅಟ್ಟಕ್ಕೆ ಎಸೆದಿದ್ದ 27 ಮೆಗಾಹರ್ಟ್ಸ್ ಸೆಟ್ಟು. 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗೆ ನಮ್ಮಲ್ಲಿ ಪರವಾನಗಿಯೂ ಬೇಡ.

ಪರೀಕ್ಷೆಗೆ ಮನೆಯ ಬಾವಿ. ಕುಡಿಯುವ ನೀರಿನ ಬಾವಿಗೆ ಗ್ರೀಸ್ ಮೆತ್ತಿದ ಏನೂ ಇಳಿಯಕೂಡದು ಎಂದು ಹೆಂಡತಿ ಮೊದಲೇ ಕಟ್ಟಪ್ಪಣೆ ಮಾಡಿದ್ದಳು. ಗಾಜಿನ ಬಾಟಲಿಯನ್ನು ಚೆನ್ನಾಗಿ ತೊಳೆದು, ಒಳಗೆ ರಿಸೀವರ್, ಒಂದು ಎಲ್‌ಇಡಿ ದೀಪ, ಭಾರಕ್ಕೆ ಕಲ್ಲು ಇಟ್ಟು ಹಗ್ಗದಲ್ಲಿ ಇಳಿಸಿದೆ. 2.4ರ ದೀಪ ನೀರಿಗಿಳಿದು ಒಂದು ಅಡಿ ದಾಟುವ ಮೊದಲೇ ಆರಿತು. 27ರದ್ದು ಮೂರು ಮೀಟರ್ ಕೆಳಗೆ, ಮುರಕಲ್ಲಿನ ತಳದಲ್ಲಿಯೂ ನಾನು ಗುಂಡಿ ಒತ್ತಿದಾಗಲೆಲ್ಲ ಮಿನುಗಿತು. ಅದೇ ಬಾಟಲಿಯನ್ನು ಬೇಸಗೆಯಲ್ಲಿ ಪಡುಕೆರೆಯ ಸೇತುವೆಯ ಹತ್ತಿರ ಉಪ್ಪುನೀರಿಗೆ ಇಳಿಸಿದಾಗ ಮೊಣಕೈ ಆಳಕ್ಕೇ ದೀಪ ಹೋಯಿತು. ಉಪ್ಪುನೀರು ವಿದ್ಯುತ್ ವಾಹಕ, ಕಡಲ ನೀರಿನಲ್ಲಿ 27 ಮೆಗಾಹರ್ಟ್ಸ್ ಅಲೆ ಪ್ರತಿ ಐದು ಸೆಂಟಿಮೀಟರಿಗೆ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಕಡಲ ತಡಿಯಲ್ಲಿದ್ದೂ ಕಡಲಿಗಿಳಿಸುವ ಆಸೆ ಅಲ್ಲಿಗೆ ಮುಗಿಯಿತು. ಆಂಟೆನಾ ತಂತಿಯ ತುದಿಯನ್ನು ಅಂಟಿನಿಂದ ಮುಚ್ಚುವುದನ್ನು ಮರೆಯಬಾರದು. ಬೆತ್ತಲೆ ತಾಮ್ರ ನೀರಿಗೆ ತಾಗಿದರೆ ಸಿಹಿನೀರಿನಲ್ಲೂ ವ್ಯಾಪ್ತಿ ಕುಸಿಯುತ್ತದೆ.

ಮಳೆಗಾಲದಲ್ಲಿ ಮೂರು ದಿನ ಇಲ್ಲದ ಸೋರಿಕೆಯನ್ನು ಹುಡುಕಿದ್ದೇನೆ. ಸಿಲಿಂಡರನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಒಳಗೋಡೆಯಲ್ಲಿ ಹನಿ. ಒ-ರಿಂಗ್ ಬದಲಿಸಿದೆ, ಗ್ರೀಸ್ ಬದಲಿಸಿದೆ, ಲೇತ್ ಅಂಗಡಿಯವರನ್ನು ಮನಸ್ಸಿನಲ್ಲೇ ಬೈದೆ. ಕೊನೆಗೆ ಪ್ರತಿ ಸಂದಿಯ ಕೆಳಗೂ ಟಿಶ್ಯೂ ಕಾಗದದ ಚೂರು ಇಟ್ಟು ಮುಳುಗಿಸಿದೆ. ಗೋಡೆ ಒದ್ದೆ, ಕಾಗದ ಒಣ. ನಮ್ಮ ಆಷಾಢದ ಗಾಳಿಯನ್ನೇ ಒಳಗೆ ಮುಚ್ಚಿ ತಂಪು ನೀರಿಗೆ ಹಾಕಿದ್ದೆ, ಅದು ಇಬ್ಬನಿಯಾಗಿ ಕುಳಿತಿತ್ತು. ಈಗ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ ಒಳಗಿರುತ್ತವೆ.

ತೂಕ ಹೊಂದಿಸುವ ಕೆಲಸ ನನಗೆ ಅತ್ಯಂತ ಇಷ್ಟವಾದದ್ದು. ಬ್ಯಾಂಕಿನಲ್ಲಿ ದಿನದ ಕೊನೆಗೆ ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೆ ಕುಳಿತವನು ನಾನು. ಬಲೆಯ ಸೀಸದ ಮಣಿ ಒಡಲಿನ ತಳದಲ್ಲಿ, ಬೆಂಡು ಡೆಕ್ಕಿನ ಕೆಳಗೆ. ಎರಡರ ನಡುವೆ ಅಂತರ ಹೆಚ್ಚಿದಷ್ಟೂ ನೌಕೆ ಮಗುಚದೆ ನೇರ ನಿಲ್ಲುತ್ತದೆ, ಗಡಿಯಾರದ ಲೋಲಕದಂತೆ. ಅಂಗಡಿಯವರ ಪ್ರಶ್ನೆಗೆ ಉತ್ತರ ಇದೇ. ಬೆಂಡು ಇಲ್ಲದೆ ಸೀಸ ಹಾಕಿದರೆ ಮುಳುಗುತ್ತದೆ, ಬೆಂಡು ಇದ್ದರೆ ಸೀಸವನ್ನು ಹೆಚ್ಚು ಹಾಕಬಹುದು. ಥರ್ಮೊಕೋಲ್ ಬಳಸಿದರೆ ಕ್ರಮೇಣ ನೀರು ಹೀರುತ್ತದೆ, ಒತ್ತಡಕ್ಕೆ ಕುಗ್ಗುತ್ತದೆ. ಬಲೆಯ ಬೆಂಡು ಕಡಲ ಆಳವನ್ನೇ ತಡೆದುಕೊಳ್ಳುವ ಜಾತಿ. ತೊಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒಂದು ಮಣಿ ಮುಂದೆ, ಅರ್ಧ ಬೆಂಡು ಹಿಂದೆ ಎಂದು ಮೂರು ಸಂಜೆ ಕಳೆದೆ. ಕೊನೆಯ ಲೆಕ್ಕ ಹೀಗೆ ಬಿಟ್ಟೆ: ಸಿರಿಂಜ್ ಪೂರ್ತಿ ತುಂಬಿದರೂ ಹದಿನೈದು ಗ್ರಾಂ ತೇಲುವ ಕಡೆಗೇ ಇರಬೇಕು. ತೂಕ ಸರಿಯಾಗಿ ಸೊನ್ನೆಗೆ ತಂದರೂ ನೀರಿನ ನಡುವೆ ಕದಲದೆ ನಿಲ್ಲಿಸುವುದು ಆಗದ ಮಾತು. ಒಂದು ಗೇಣು ಕೆಳಗೆ ಜಾರಿದರೂ ಅಲ್ಲಲ್ಲಿ ಸಿಕ್ಕಿಕೊಂಡ ಗಾಳಿ ಕುಗ್ಗಿ, ಇನ್ನಷ್ಟು ಭಾರವಾಗಿ, ತಳ ಸೇರುತ್ತದೆ. ಉಳಿದ ಹದಿನೈದು ಗ್ರಾಮನ್ನು ಓಡುತ್ತಿರುವಾಗ ಮುಂದಿನ ರೆಕ್ಕೆಗಳಿಂದ ಒತ್ತಿ ಹಿಡಿಯಬೇಕು.

ಕಾರ್ಕಳದ ಕಡೆ ಭಾವನ ಅಡಿಕೆ ತೋಟದ ಕೆರೆಯಲ್ಲಿ ಡಿಸೆಂಬರಿನ ಒಂದು ಬೆಳಿಗ್ಗೆ ಮೊದಲ ಓಟ. ಮಳೆಗಾಲದಲ್ಲಿ ಕೆರೆ ಕೆಂಪು, ಗೇಣು ಆಳದಲ್ಲಿ ಏನೂ ಕಾಣದು. ಡಿಸೆಂಬರಿನಲ್ಲಿ ತಿಳಿಯಾಗಿತ್ತು. ಮುಳುಗಿತು, ಓಡಿತು, ಮೇಲೆ ಬಂತು, ಬಂದ ಕೂಡಲೇ ಕುಡಿದವನಂತೆ ಎಡಕ್ಕೆ ವಾಲಿತು. ಡೆಕ್ಕಿನೊಳಗೆ ಸಿಕ್ಕಿಕೊಂಡ ನೀರು ಬೇಗ ಇಳಿಯದೆ ತಲೆಭಾರ ಮಾಡಿತ್ತು. ಮನೆಗೆ ಬಂದು ಕುರ್ಸುರಾದ ಫೋಟೊಗಳನ್ನು ತೆರೆದರೆ ಡೆಕ್ಕಿನ ಪಕ್ಕದುದ್ದಕ್ಕೂ ಸಾಲು ಸಾಲು ಕಂಡಿಗಳು. ಅವನ್ನು ನಾನು ಅಲಂಕಾರವೆಂದು ತಿಳಿದು ಕೆಲಸ ಉಳಿಸಲು ಬಿಟ್ಟಿದ್ದೆ. ಎರಡು ದಿನ ಕುಳಿತು ಎಲ್ಲವನ್ನೂ ಕೊರೆದೆ.

ಮೂರನೇ ಭೇಟಿಯಲ್ಲಿ ನೌಕೆ ಮುಳುಗಿ ಮೇಲೆ ಬರಲೇ ಇಲ್ಲ. ಆಳದಲ್ಲಿ ಸಿಕ್ಕಿಕೊಂಡ ಗಾಳಿ ಕುಗ್ಗಿ ಆ ಹದಿನೈದು ಗ್ರಾಮೂ ಹೋಗಿರಬೇಕು. ಸಿಗ್ನಲ್ ಮೂರು ಸೆಕೆಂಡ್ ತಪ್ಪಿದರೆ ಸಿರಿಂಜ್ ಖಾಲಿ ಮಾಡುವ ಪುಟ್ಟ ಸರ್ಕ್ಯೂಟನ್ನು ಆರ್ಡುಯಿನೊ ಎಂಬ ಸಣ್ಣ ಕಂಪ್ಯೂಟರ್ ಫಲಕದಲ್ಲಿ ಮಾಡಿಟ್ಟಿದ್ದೆ, ಅದನ್ನೇ ನಂಬಿದ್ದೆ. ಆದರೆ ಹಳೆಯ ಎಎಂ ರಿಸೀವರ್ ಸಿಗ್ನಲ್ ಇಲ್ಲದಾಗ ಸುಮ್ಮನಿರುವುದಿಲ್ಲ, ಗದ್ದಲವನ್ನೇ ಹೊರಹಾಕುತ್ತದೆ. ಸರ್ಕ್ಯೂಟು ಆ ಗದ್ದಲವನ್ನೇ ನನ್ನ ಆಜ್ಞೆಯೆಂದು ನಂಬಿ ಕಾಯುತ್ತಾ ಕುಳಿತಿತ್ತು. ಅತ್ತಿಗೆ ಅಟ್ಟದಿಂದ ಪಾತಾಳಗರಡಿಯನ್ನು ತಂದುಕೊಟ್ಟರು. ಬಾವಿಗೆ ಬಿದ್ದ ಕೊಡಪಾನ ತೆಗೆಯುವ ಕೊಕ್ಕೆಗಳ ಗೊಂಚಲಿನಿಂದ ಕೆರೆಯ ತಳವನ್ನು ಎರಡು ಗಂಟೆ ಕೆರೆದು, ಒಂದು ಒಣ ಸೋಗೆ, ಒಂದು ಹಳೆಯ ಚಪ್ಪಲಿ, ಆಮೇಲೆ ಜಲಾಂತರ್ಗಾಮಿಯನ್ನು ಮೇಲೆತ್ತಿದೆವು. ಗೋಪುರ ಕಿತ್ತಿತ್ತು. ಸಿಲಿಂಡರಿನಲ್ಲಿ ಒಂದು ಹನಿಯೂ ಇರಲಿಲ್ಲ.

ಈಗಿನ ಸರ್ಕ್ಯೂಟು ರಿಸೀವರಿನಿಂದ ಬರುವ ಪ್ರತಿ ಸ್ಪಂದನವೂ ಒಂದರಿಂದ ಎರಡು ಮಿಲಿಸೆಕೆಂಡಿನೊಳಗೆ ಇದೆಯೇ, ಸುಮಾರು ಇಪ್ಪತ್ತು ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಬರುತ್ತಿದೆಯೇ ಎಂದು ಪರೀಕ್ಷಿಸಿಯೇ ನಂಬುತ್ತದೆ. ಬ್ಯಾಟರಿ ಇಳಿದರೆ, ತಳದಲ್ಲಿಟ್ಟ ಎರಡು ತಂತಿಗಳಿಗೆ ನೀರು ತಾಗಿದರೆ, ಆಗಲೂ ಸಿರಿಂಜ್ ಖಾಲಿ ಮಾಡುತ್ತದೆ. ಸಿರಿಂಜಿನ ಮೋಟಾರಿಗೆ ಬೇರೆಯೇ ಬ್ಯಾಟರಿ ಕೊಟ್ಟಿದ್ದೇನೆ. ಇಷ್ಟಿದ್ದೂ ಗಾಳದ ದಾರಕ್ಕೆ ಒಂದು ಬೆಂಡು ಕಟ್ಟಿ ನೌಕೆಯ ಹಿಂದೆ ಎಳೆಯಲು ಬಿಡುತ್ತೇನೆ. ನೋಡಲು ಚೆನ್ನಾಗಿಲ್ಲ, ನಿಜ.

ಓಡಿಸುವುದು ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಉದ್ದವಾದ ಸಪುರ ಒಡಲು, ಮೂತಿ ಕೆಳಗೆ ಹೋದರೆ ಹೋಗುತ್ತಲೇ ಇರುತ್ತದೆ, ಎತ್ತಿದರೆ ಹಂದಿಮೀನಿನಂತೆ ಹಾರಿ ಬರುತ್ತದೆ. ಹಿಂದಿನ ರೆಕ್ಕೆಗಳನ್ನು ತಾನೇ ಸಮ ಮಾಡುವ ಸಣ್ಣ ಗೈರೊ ಹಾಕಿದ ಮೇಲೆ ಕೆರೆಯ ಒಂದು ದಡದಿಂದ ಇನ್ನೊಂದಕ್ಕೆ ಪೆರಿಸ್ಕೋಪ್ ಮಾತ್ರ ನೀರ ಮೇಲಿಟ್ಟು ಸಾಗಿಸಬಲ್ಲೆ. ಅದರ ತುದಿಗೆ ಕಿತ್ತಳೆ ಬಣ್ಣ ಬಳಿದಿದ್ದೇನೆ. ಕಪ್ಪು ನೌಕೆ ಕೆರೆಯ ನೆರಳಿನಲ್ಲಿ ನನ್ನ ಕಣ್ಣಿಗೇ ಕಾಣುವುದಿಲ್ಲ. ಕಳೆದ ವಾರ ಒಂದು ಮಿಂಚುಳ್ಳಿ ಆ ಕಿತ್ತಳೆ ತುದಿಯ ಮೇಲೆ ಕೂರಲು ಎರಡು ಸಲ ಹವಣಿಸಿತು. ಮೂರನೇ ಸಲಕ್ಕೆ ನಾನು ಸಿರಿಂಜ್ ತುಂಬಿಸಿಬಿಟ್ಟೆ.