ನನ್ನ ಅನುಭವ: ಹದಿನಾಲ್ಕು ಸಾವಿರದ ದೀಪದಲ್ಲಿ ಮೃದು ಹವಳಗಳು

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ನನ್ನ ರೀಫ್ ಟ್ಯಾಂಕಿನ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಮೇಲೆ ಈಗ ಉರಿಯುತ್ತಿರುವ ದೀಪಕ್ಕೆ ಎಲ್‌ಇಡಿ ಚಿಪ್, ಅದಕ್ಕೆ ಸ್ಥಿರವಾದ ಕರೆಂಟು ಕೊಡುವ ಡ್ರೈವರ್, ಶಾಖ ಹೀರುವ ಹೀಟ್ ಸಿಂಕ್, ಕಂಟ್ರೋಲರ್ ಎಲ್ಲವೂ ಸೇರಿ ಹದಿನಾಲ್ಕು ಸಾವಿರ ರೂಪಾಯಿಯ ಆಸುಪಾಸು ಖರ್ಚಾಗಿದೆ. ಇದೇ ಟ್ಯಾಂಕಿಗೆ ಹೆಸರಾಂತ ವಿದೇಶಿ ಫಿಕ್ಸ್ಚರ್ ಹಾಕಬೇಕಿದ್ದರೆ ಎರಡು ಬೇಕಾಗುತ್ತಿದ್ದವು, ಬೆಲೆ ಕಡಿಮೆಯೆಂದರೂ ಐವತ್ತು ಸಾವಿರ ದಾಟುತ್ತಿತ್ತು. ಬೆಂಗಳೂರಿನ ಹವ್ಯಾಸಿಗಳಲ್ಲಿ ನನಗಿಂತ ಹಿರಿಯರಾದ ಒಬ್ಬರು ನಾನು ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ತಂದ ಚಿಪ್‌ಗಳ ಚೀಲವನ್ನು ನೋಡಿ, “ಎಸ್.ಪಿ. ರೋಡಿನ ಎಲ್‌ಇಡಿಯಲ್ಲಿ ಮಶ್ರೂಮ್ ಕೂಡ ಉಳಿಯಲ್ಲ ಸಾರ್, ಇನ್ನೊಂದು ವರ್ಷ ದುಡ್ಡು ಕೂಡಿಸಿ ಒಳ್ಳೇದೇ ತಗೊಳ್ಳಿ” ಎಂದಿದ್ದರು. (ಮಶ್ರೂಮ್ ಎಂದರೆ ಅಣಬೆಯಾಕಾರದ ಹವಳ.) ದೀಪ ಹಚ್ಚಿ ಎರಡು ವರ್ಷ ಕಳೆದಿದೆ. ಮೂರು ಇಂಚಿನಷ್ಟಿದ್ದ ಲೆದರ್ ಹವಳ ಈಗ ಎಂಟು ಇಂಚು ಅಗಲವಾಗಿದೆ, ಗುಂಡಿಗಳಂತೆ ಗುಂಪಾಗಿ ಬೆಳೆಯುವ ಝೋವಾಗಳು ನಡುವಿನ ಕಲ್ಲನ್ನು ಪೂರ್ತಿಯಾಗಿ ಹೊದ್ದುಕೊಂಡಿವೆ. ಅದೇ ಹಿರಿಯರು ಕಳೆದ ಬೇಸಿಗೆಯಲ್ಲಿ ನನ್ನಿಂದ ಕೀನ್ಯಾ ಟ್ರೀ ಎಂಬ ಮೃದು ಹವಳದ ಫ್ರ್ಯಾಗ್ (ಬೆಳೆಸಲು ಕತ್ತರಿಸಿದ ತುಂಡು) ಒಯ್ದಿದ್ದಾರೆ.

ದೀಪದ ಲೆಕ್ಕಾಚಾರ ಶುರುವಾಗಬೇಕಾದದ್ದು ಏನನ್ನು ಸಾಕುತ್ತೇವೆ ಎಂಬುದರಿಂದ. ಗಟ್ಟಿ ಹವಳಗಳೆಲ್ಲವೂ, ಸಮುದ್ರ ಬೀಸಣಿಗೆಗಳೂ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ. ಆದ್ದರಿಂದ ವಿದೇಶದ ಹವ್ಯಾಸಿಗಳು ಅಕ್ರೊಪೊರಾ ಎಂಬ ಗಟ್ಟಿ ಹವಳಕ್ಕಾಗಿ ಬರೆದಿಟ್ಟ 300, 400 ಪಾರ್‌ಗಳ (ಹವಳದೊಳಗಿನ ಪಾಚಿಗೆ ಉಪಯೋಗವಾಗುವ ಬೆಳಕಿನ ಅಳತೆ) ಶಿಫಾರಸನ್ನು ನಾವು ಹಿಂಬಾಲಿಸುವುದೆಂದರೆ ಸಾಕಲಾಗದ ಪ್ರಾಣಿಗೆ ದೀಪ ಕೊಂಡಂತೆ. ಮಶ್ರೂಮ್‌ಗಳಿಗೆ 50ರ ಆಸುಪಾಸು, ಝೋವಾಗಳಿಗೆ 80ರಿಂದ 100, ಲೆದರ್‌ಗೆ 120ರಿಂದ 150 ಪಾರ್ ಸಿಕ್ಕರೆ ಸಾಕು ಎಂಬುದು ನನ್ನ ಟ್ಯಾಂಕಿನಲ್ಲಿ ಕಂಡ ಮಾತು. ಈ ಅಂಕಿಗಳನ್ನು ಒಪ್ಪಿಕೊಂಡ ದಿನವೇ ನನ್ನ ಬಜೆಟ್ಟು ಅರ್ಧಕ್ಕಿಳಿಯಿತು.

ಅದಕ್ಕೆ ಮೊದಲು ಕೈಬಿಟ್ಟ ದೀಪಗಳ ಪಟ್ಟಿ ಉದ್ದವಿದೆ. ಮೊದಲನೆಯದು ಹಳೆಯದಾಗಿ ಕೊಂಡ 250 ವ್ಯಾಟಿನ ಮೆಟಲ್ ಹ್ಯಾಲೈಡ್. ಬೆಳಕಿನ ವಿಷಯದಲ್ಲಿ ಅದಕ್ಕೆ ಸಾಟಿಯಿಲ್ಲ, ನೀರಿನೊಳಗೆ ಬಿಸಿಲಿನ ಅಲೆಗಳೇ ಆಡುತ್ತವೆ. ಆದರೆ ಏಪ್ರಿಲ್ ತಿಂಗಳಲ್ಲಿ ನೀರು 30 ಡಿಗ್ರಿ ಮುಟ್ಟಿತು, ನೀರು ತಂಪಾಗಿಸುವ ಚಿಲ್ಲರ್ ಬೆಲೆ ಕೇಳಿದರೆ ದೀಪದ ಬೆಲೆಯ ಮೂರು ಪಟ್ಟಿತ್ತು. ಎರಡನೆಯದು ನಾಲ್ಕು ತೆಳು ಫ್ಲೋರೆಸೆಂಟ್ ಟ್ಯೂಬುಗಳ ಟಿ5. ಮೂರು ಅಡಿಗೆ 39 ವ್ಯಾಟಿನ ಟ್ಯೂಬುಗಳು. ಹವಳಗಳು ಅದರಲ್ಲಿ ಚೆನ್ನಾಗಿಯೇ ಇದ್ದವು, ಆದರೆ ವರ್ಷದೊಳಗೆ ಟ್ಯೂಬು ಬದಲಿಸಬೇಕು, ಒಂದೊಂದಕ್ಕೂ ಎರಡು ಸಾವಿರದ ಹತ್ತಿರ, ಅದೂ ತರಿಸಿಕೊಂಡರೆ ಮಾತ್ರ. ಮೂರನೆಯದು ಮನೆಯ ಅಂಗಳಕ್ಕೆ ಹಾಕುವ 50 ವ್ಯಾಟಿನ ಬಿಳಿ ಫ್ಲಡ್ ಲೈಟ್. ಇದು ಅತಿ ಅಗ್ಗ, ಎಂಟುನೂರು ರೂಪಾಯಿಯೊಳಗೆ ಮುಗಿಯುತ್ತದೆ. ಹವಳಗಳು ಸಾಯಲಿಲ್ಲ, ಆದರೆ ಬಣ್ಣ ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗಿದವು, ಕಲ್ಲುಗಳ ಮೇಲೆ ಹಸಿರು ಕೂದಲ ಪಾಚಿ ಬೆಳೆದು ಅದನ್ನು ಕೀಳುವುದೇ ವಾರದ ಕೆಲಸವಾಯಿತು. ಆಮೇಲೆ ಬಂದದ್ದು ಹವ್ಯಾಸಿಗಳೆಲ್ಲರೂ ಬಲ್ಲ, ಬ್ಲ್ಯಾಕ್ ಬಾಕ್ಸ್ ಎಂಬ 165 ವ್ಯಾಟಿನ ಎಲ್‌ಇಡಿ ದೀಪ. ಅದರ ಐವತ್ತೈದು ಎಲ್‌ಇಡಿಗಳೂ ಒಂದೇ ಕಡೆ ಗುಂಪಾಗಿ ಕೂತಿರುವುದರಿಂದ ಟ್ಯಾಂಕಿನ ನಡುವೆ ಬೆಳಕು ಅತಿಯಾಗುತ್ತದೆ, ಎರಡೂ ತುದಿಗಳು ಮಬ್ಬಾಗಿರುತ್ತವೆ. ನಡುವಿದ್ದ ಮಶ್ರೂಮ್‌ಗಳು ಬಿಳಿಚಿಕೊಂಡು ಕುಗ್ಗಿದವು, ಮೂಲೆಯ ಝೋವಾಗಳು ಬೆಳಕಿಗಾಗಿ ಕತ್ತು ಚಾಚಿದವು. ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲೆಲ್ಲಿ ಬೀಳುತ್ತದೆ ಎನ್ನುವುದು ದೊಡ್ಡದು ಎಂದು ಮನಗಂಡದ್ದು ಆಗಲೇ.

ಮೂರು ಅಡಿಯ ಉದ್ದಕ್ಕೂ ಚಿಪ್‌ಗಳನ್ನು ಹರಡಿ ನಾನೇ ಕಟ್ಟಬೇಕೆಂದು ನಿರ್ಧರಿಸಿದ ಮೇಲೆ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿದೆ. ಅಲ್ಲಿ ನಕ್ಷತ್ರಾಕಾರದ ಅಲ್ಯೂಮಿನಿಯಂ ತಟ್ಟೆಗೆ ಕೂರಿಸಿದ 3 ವ್ಯಾಟಿನ ನೀಲಿ ಚಿಪ್ ಮೂವತ್ತು ನಲವತ್ತು ರೂಪಾಯಿಗೆ ಸಿಗುತ್ತದೆ. ತೊಂದರೆಯೇನೆಂದರೆ ಅದು ಯಾವ ನೀಲಿ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. “ಎಷ್ಟು ನ್ಯಾನೋಮೀಟರ್ ಅಣ್ಣ?” ಎಂದರೆ “ಬ್ಲೂ ಅಂದ್ರೆ ಬ್ಲೂ ಸಾರ್, ಒಂದೇ” ಎಂಬ ಉತ್ತರ. ನಮಗೆ ಬೇಕಾದದ್ದು 450 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ರಾಯಲ್ ಬ್ಲೂ. ಅಲಂಕಾರದ ಸೀರಿಯಲ್ ಸೆಟ್ಟುಗಳಿಗೆ ಹೋಗುವ 465, 470ರ ನೀಲಿ ಕಣ್ಣಿಗೆ ಇನ್ನೂ ಪ್ರಕಾಶಮಾನವಾಗಿ ಕಂಡರೂ ಹವಳದ ಬಣ್ಣವನ್ನು ಅಷ್ಟಾಗಿ ಎಬ್ಬಿಸುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದು ಡಿವಿಡಿಯಿಂದ ಆದದ್ದು. ಖಾಲಿ ಡಿವಿಡಿಯ ಬೆಳ್ಳಿ ಪದರವನ್ನು ಸುಲಿದು, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಅದರ ಪಾರದರ್ಶಕವಾದ ಒಂದು ತುಂಡನ್ನು ಮೊಬೈಲ್ ಕ್ಯಾಮೆರಾದ ಮುಂದೆ ಓರೆಯಾಗಿ ಅಂಟಿಸಿ, ಅದರ ಮುಂದೆ ಕಪ್ಪು ರಟ್ಟಿನ ಕೊಳವೆ, ಕೊಳವೆಯ ತುದಿಗೆ ಎರಡು ಬ್ಲೇಡುಗಳ ನಡುವೆ ಕೂದಲೆಳೆಯಷ್ಟು ಸೀಳು. ಮೊದಲು ಮನೆಯ ಹಳೆಯ ಸಿಎಫ್‌ಎಲ್ ಬಲ್ಬಿನ ಬೆಳಕನ್ನು ಅದರಲ್ಲಿ ಹಿಡಿದರೆ ಪಾದರಸದ ಗೆರೆಗಳು ಸ್ಪಷ್ಟವಾಗಿ ಬೀಳುತ್ತವೆ: 436ಕ್ಕೆ ನೇರಳೆ ನೀಲಿಯದೊಂದು, 546ಕ್ಕೆ ಹಸಿರಿನದೊಂದು. ಫೋಟೋದಲ್ಲಿ ಈ ಎರಡು ಗೆರೆಗಳ ನಡುವಿನ ಅಂತರವನ್ನು 110 ಭಾಗ ಮಾಡಿಕೊಂಡರೆ ನಿಮ್ಮ ಬಳಿ ಅಳತೆಪಟ್ಟಿ ಸಿದ್ಧವಾದಂತೆ. ಒಂಬತ್ತು ವೋಲ್ಟಿನ ಬ್ಯಾಟರಿಗೆ 220 ಓಮ್‌ನ ರೆಸಿಸ್ಟರ್ ಸೇರಿಸಿ ಅಂಗಡಿಯ ಕಟ್ಟೆಯ ಮೇಲೆಯೇ ಚಿಪ್ ಹೊತ್ತಿಸಿ ಫೋಟೋ ತೆಗೆಯುತ್ತಿದ್ದೆ. ಕೊಳವೆ ಅಲುಗದಿದ್ದರೆ ಐದು ನ್ಯಾನೋಮೀಟರಿನೊಳಗೆ ಉತ್ತರ ಸಿಗುತ್ತದೆ. ಇಷ್ಟು ಕಡಿಮೆ ಕರೆಂಟಿನಲ್ಲಿ ಅಳತೆ ಎರಡು ಮೂರು ನ್ಯಾನೋಮೀಟರ್ ಹೆಚ್ಚೇ ತೋರುವುದರಿಂದ ಅಷ್ಟನ್ನು ಕಳೆಯಬೇಕು. ಒಂದೇ ಸಾಲಿನ ಅಂಗಡಿಗಳಲ್ಲಿ ಒಂದೇ ಹೆಸರಿನಲ್ಲಿ ಮಾರುತ್ತಿದ್ದ ನೀಲಿಗಳು 450ರಿಂದ 468ರವರೆಗೆ ಹರಡಿದ್ದವು. 452 ತೋರಿದ ರೋಲ್ ಸಿಕ್ಕ ಅಂಗಡಿ ಯಾವುದೆಂದು ನಾನು ಹೇಳಲಾರೆ.

ಬಣ್ಣ ಸರಿಯಿದ್ದರೂ ಚಿಪ್ ನಿಜವಾಗಿ 3 ವ್ಯಾಟಿನದೇ ಎಂದು ನೋಡಿಕೊಳ್ಳಬೇಕು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ನೋಡಿದರೆ ಗುಮ್ಮಟದೊಳಗೆ ಬೆಳಕು ಸೂಸುವ ಚೌಕಾಕಾರದ ಡೈ ಕಾಣುತ್ತದೆ. ಅದರ ಬದಿ ಒಂದು ಮಿಲಿಮೀಟರ್‌ಗಿಂತ ತುಸು ಹೆಚ್ಚಿದ್ದರೆ ಸರಿ, ಅದಕ್ಕಿಂತ ಚಿಕ್ಕದಾದರೆ ಅದು 1 ವ್ಯಾಟಿನದನ್ನೇ 3 ವ್ಯಾಟ್ ಎಂದು ಮಾರುವ ಸರಕು. ಖಾತ್ರಿಗಾಗಿ ಮನೆಯಲ್ಲಿ 700 ಮಿಲಿಆಂಪ್ ಹಾಯಿಸಿ ವೋಲ್ಟೇಜ್ ಅಳೆಯುತ್ತೇನೆ. ದೊಡ್ಡ ಡೈ 3.3ರ ಹತ್ತಿರ ನಿಲ್ಲುತ್ತದೆ, ಚಿಕ್ಕದು 3.7 ದಾಟುತ್ತದೆ ಮತ್ತು ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ತಂದವುಗಳಲ್ಲಿ ಆರರಲ್ಲೊಂದು ಹೀಗೆ ಮೂಲೆ ಸೇರಿತು. ಮೂವತ್ತೈದು ರೂಪಾಯಿಯ ವಸ್ತುವಾದ್ದರಿಂದ ಅಷ್ಟು ನಷ್ಟವನ್ನು ಬೆಲೆಯೊಳಗೇ ಸೇರಿಸಿಕೊಂಡಿದ್ದೇನೆ.

ಚಿಪ್‌ನಲ್ಲಿ ಉಳಿಸಿದ ದುಡ್ಡನ್ನು ಡ್ರೈವರ್ ಮತ್ತು ಹೀಟ್ ಸಿಂಕಿಗೆ ಸುರಿದೆ, ಅಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ. ಮೀನ್ ವೆಲ್‌ನ 48 ವೋಲ್ಟ್ 150 ವ್ಯಾಟಿನ ಪವರ್ ಸಪ್ಲೈ ಒಂದು, ಅದೇ ಕಂಪನಿಯ ಎಲ್‌ಡಿಡಿ-700ಎಚ್ ಡ್ರೈವರ್ ನಾಲ್ಕು. ಒಂದೊಂದು ಡ್ರೈವರಿಗೆ ಹನ್ನೆರಡು ಚಿಪ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 40 ವೋಲ್ಟ್ ಆಗುತ್ತದೆ, 48ರೊಳಗೆ ಆರಾಮವಾಗಿ ಕೂರುತ್ತದೆ. ಎರಡು ಸಾಲು ರಾಯಲ್ ಬ್ಲೂ, ಒಂದು ಸಾಲು 6500 ಕೆಲ್ವಿನ್‌ನ ಬಿಳಿ, ಎಂಟೇ ಚಿಪ್‌ಗಳ ಒಂದು ಸಾಲು ನೇರಳೆ. ಮಂದ ಮಾಡಲು ಇಎಸ್‌ಪಿ32 ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್, ಅದರ 3.3 ವೋಲ್ಟಿನ ಸಂಕೇತ ಈ ಡ್ರೈವರಿಗೆ ಸಾಕಾಗುತ್ತದೆ, ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸಿ ಮಂದ ಮಾಡುವ ಆ ಸಂಕೇತವನ್ನು (ಪಿಡಬ್ಲ್ಯುಎಂ) ಸಾವಿರ ಹರ್ಟ್ಸ್‌ನೊಳಗೆ ಇಡಬೇಕು. ಒಂದು ಸಂಗತಿಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಂಕೇತದ ಪಿನ್ನಿಗೆ ಏನೂ ಬಾರದಿದ್ದರೆ ಎಲ್‌ಡಿಡಿ ಪೂರ್ತಿ ಉರಿಯುತ್ತದೆ. ಹಾಗಾಗಿ ಕರೆಂಟು ಹೋಗಿ ಬಂದಾಗ ಕಂಟ್ರೋಲರ್ ಎಚ್ಚರವಾಗುವವರೆಗೆ ನಡುರಾತ್ರಿಯಲ್ಲೂ ಟ್ಯಾಂಕು ಧಗ್ಗೆಂದು ಬೆಳಗಿ ಮೀನುಗಳು ಕಲ್ಲಿಗೆ ಬಡಿದುಕೊಳ್ಳುತ್ತವೆ. ಪ್ರತಿ ಪಿನ್ನಿನಿಂದ ಗ್ರೌಂಡಿಗೆ 10 ಕಿಲೋ ಓಮ್‌ನ ರೆಸಿಸ್ಟರ್ ಹಾಕಿದರೆ ಈ ಕಾಟವಿಲ್ಲ, ಖರ್ಚು ಒಂದು ರೂಪಾಯಿ.

ಲೆನ್ಸುಗಳ ವಿಷಯದಲ್ಲಿ ನನ್ನ ತೀರ್ಮಾನ ಕಟ್ಟುನಿಟ್ಟಾದದ್ದು: ಹದಿನೆಂಟು ಇಂಚಿನ ಎತ್ತರದ ಟ್ಯಾಂಕಿಗೆ 60 ಡಿಗ್ರಿಯ ಲೆನ್ಸು ಬೇಡವೇ ಬೇಡ, 90 ಸಾಕು, ನೀರಿನಿಂದ ಹತ್ತು ಇಂಚು ಮೇಲೆ. ಬಣ್ಣಗಳನ್ನು ಕಲಸಿ ಕೂರಿಸುವ ಕ್ರಮದಲ್ಲಿ ನನ್ನದೇ ಒಂದು ವಿನ್ಯಾಸವಿದೆ. ಕಲ್ಲಿನ ಮೇಲೆ ನೀಲಿ ಬಿಳಿಯ ಬೇರೆ ಬೇರೆ ನೆರಳು ಬೀಳದಂತೆ ಮಾಡಲು ಹಲವು ಸಲ ಬಿಚ್ಚಿ ಕಟ್ಟಿದ್ದರ ಫಲ ಅದು, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಅಳತೆಯಿಲ್ಲದೆ ಇದೆಲ್ಲ ಊಹೆಯೇ. ಪಾರ್ ಮೀಟರಿನ ಬೆಲೆ ನನ್ನ ದೀಪದ ಬೆಲೆಗಿಂತ ಎಷ್ಟೋ ಹೆಚ್ಚು. ಗೆಳೆಯರೊಬ್ಬರ ಮೀಟರನ್ನು ಒಂದು ಭಾನುವಾರದ ಮಟ್ಟಿಗೆ ಕೇಳಿ ತಂದು, ಸಾವಿರ ರೂಪಾಯಿಯ ಲಕ್ಸ್ ಮೀಟರನ್ನು ಅದರ ಪಕ್ಕದಲ್ಲಿಟ್ಟು, ಒಂದೊಂದು ಬಣ್ಣದ ಸಾಲನ್ನೂ ಬೇರೆ ಬೇರೆಯಾಗಿ ಹೊತ್ತಿಸಿ ಎರಡೂ ಅಂಕಿಗಳನ್ನು ಬರೆದುಕೊಂಡೆ. ಲಕ್ಸ್ ಮೀಟರ್ ಮನುಷ್ಯನ ಕಣ್ಣಿನಂತೆ ಹಸಿರನ್ನೇ ಹೆಚ್ಚು ಎಣಿಸುತ್ತದೆ. ಹಾಗಾಗಿ ಬಿಳಿ ಸಾಲಿನಲ್ಲಿ ಸುಮಾರು 70 ಲಕ್ಸಿಗೆ ಒಂದು ಪಾರ್ ಬಂದರೆ, ರಾಯಲ್ ಬ್ಲೂ ಸಾಲಿನಲ್ಲಿ ಒಂದಂಕಿಯ ಲಕ್ಸಿಗೇ ಒಂದು ಪಾರ್. ನೀಲಿ ದೀಪವನ್ನು ಲಕ್ಸಿನಲ್ಲಿ ಅಳೆದು “ಬೆಳಕೇ ಇಲ್ಲ” ಎನ್ನುವವರು ಹವಳಗಳನ್ನು ಸುಡುವುದು ಇದೇ ಕಾರಣಕ್ಕೆ. ನನ್ನ ಮೀಟರಿನ ಗುಣಕ ನಿಮ್ಮ ಮೀಟರಿಗೆ ಹೊಂದುವುದಿಲ್ಲವಾದ್ದರಿಂದ ಒಂದು ದಿನದ ಮಟ್ಟಿಗಾದರೂ ಪಾರ್ ಮೀಟರ್ ಸಂಪಾದಿಸಿ ನಿಮ್ಮದನ್ನು ನೀವೇ ಕಂಡುಕೊಳ್ಳಬೇಕು. ಆ ದಿನದ ಅಳತೆಯಲ್ಲಿ ನೀಲಿಯನ್ನು 70, ಬಿಳಿಯನ್ನು 25, ನೇರಳೆಯನ್ನು 50 ಪ್ರತಿಶತಕ್ಕಿಟ್ಟಾಗ ಮರಳಿನ ಮೇಲೆ 55 ಪಾರ್ ಅಷ್ಟು, ನಡುಗಲ್ಲಿನಲ್ಲಿ 95, ಮೇಲ್ತುದಿಯಲ್ಲಿ 150ರ ಹತ್ತಿರ ಬಂತು. ಮೂಲೆಗಳು ಕೂಡ 45ಕ್ಕಿಂತ ಕೆಳಗಿಳಿಯಲಿಲ್ಲ.

ನಡುವೆ ಮಾಡಿದ ಕೆಲವು ಪ್ರಯೋಗಗಳನ್ನೂ ಹೇಳಬೇಕು. ಕೆಂಪು ಚಿಪ್‌ಗಳನ್ನು ನಾಲ್ಕು ಸೇರಿಸಿ ನೋಡಿದೆ; ಮೀನುಗಳ ಬಣ್ಣ ಚೆನ್ನಾಗಿ ಕಂಡಿತು, ಹವಳಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ, ತೆಗೆದುಹಾಕಿದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿದವರಿಗೆ ಇದು ಆಶ್ಚರ್ಯವೆನಿಸದು, ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಅಲ್ಲಿ ಕೆಂಪೆಂಬುದೇ ಮಾಯವಾಗಿರುತ್ತದೆ. 405ರ ನೇರಳೆ ಚಿಪ್‌ಗಳು ಪಾರ್ ಅಂಕಿಗೆ ಸೇರಿಸುವುದು ತೀರಾ ಕಡಿಮೆ, ಆದರೆ ಸಂಜೆ ಅವನ್ನಷ್ಟೇ ಹೊತ್ತಿಸಿದಾಗ ಝೋವಾಗಳ ಹಸಿರು ಅಂಚು, ಕಿತ್ತಳೆಯ ಬಾಯಿ ಬೇರೆಯೇ ಬೆಳಕಿನಿಂದ ಹೊಳೆಯುತ್ತವೆ. ಮನೆಯವರು ಟ್ಯಾಂಕಿನ ಮುಂದೆ ಬಂದು ಕೂರುವುದು ಆ ಒಂದು ಗಂಟೆ ಮಾತ್ರ, ಆದ್ದರಿಂದ ಆ ಸಾಲು ಉಳಿದುಕೊಂಡಿದೆ. ಡ್ರೈವರ್ ಇಲ್ಲದೆ ನೇರವಾಗಿ 230 ವೋಲ್ಟಿಗೆ ಜೋಡಿಸುವ 50 ವ್ಯಾಟಿನ ಸಿಒಬಿ (ಒಂದೇ ತಟ್ಟೆಯ ಮೇಲೆ ಹಲವು ಎಲ್‌ಇಡಿಗಳಿರುವ) ಚಿಪ್‌ಗಳನ್ನೂ ಮೇಜಿನ ಮೇಲೆ ಪರೀಕ್ಷಿಸಿದೆ. ನೂರೈವತ್ತು ರೂಪಾಯಿಯ ಆಸೆಗೆ ಅದನ್ನು ಟ್ಯಾಂಕಿನ ಮೇಲೆ ತೂಗುಹಾಕುವವರನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ, ಏಕೆಂದರೆ ಉಪ್ಪುನೀರಿನ ಹನಿ ಸಿಡಿಯುವ ಜಾಗದಲ್ಲಿ ಮನೆಯ ಮೇನ್ಸ್ ಕರೆಂಟು ಚಿಪ್‌ನ ಮುಖದಲ್ಲೇ ಹರಿಯುತ್ತಿರುತ್ತದೆ. ಯಾವ ದೀಪವಾದರೂ ಸರಿ, ಟ್ಯಾಂಕಿನ ಲೈನಿಗೆ ಕರೆಂಟು ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆಂಪ್‌ನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ಪ್ಲಗ್ಗಿಗಿಂತ ಕೆಳಗೆ ಇಳಿಬಿದ್ದು ಮೇಲೇರುವ ವೈರು, ಈ ಮೂರನ್ನು ಬಿಟ್ಟು ಹಣ ಉಳಿಸಬಾರದು.

ಕರೆಂಟಿನ ಲೆಕ್ಕ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಬಂದ ಮೇಲೆ ಇನ್ನಷ್ಟು ಮುಖ್ಯವಾಗಿದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಹೆಚ್ಚಾದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲು ನಮ್ಮ ತಲೆಗೇ ಬರುತ್ತದೆ. ಹ್ಯಾಲೈಡ್ ದಿನಕ್ಕೆ ಎಂಟು ಗಂಟೆ ಉರಿದರೆ ಬ್ಯಾಲಸ್ಟ್ ಸೇರಿ ತಿಂಗಳಿಗೆ ಅರವತ್ತೈದು ಯೂನಿಟ್ಟಿನಷ್ಟು ನುಂಗುತ್ತಿತ್ತು. ಈ ದೀಪ ಮಧ್ಯಾಹ್ನದ ಏರುಹೊತ್ತಿನಲ್ಲಿ ಗೋಡೆಯ ಪ್ಲಗ್ಗಿನಲ್ಲಿ 65 ವ್ಯಾಟ್ ತೋರಿಸುತ್ತದೆ. ಬೆಳಿಗ್ಗೆ ಹತ್ತಕ್ಕೆ ನಿಧಾನವಾಗಿ ಏರಿ ಸಂಜೆ ಏಳಕ್ಕೆ ಇಳಿಯುವುದರಿಂದ ತಿಂಗಳಿಗೆ ಹದಿನಾಲ್ಕು ಹದಿನೈದು ಯೂನಿಟ್ಟಿಗೆ ಮುಗಿಯುತ್ತದೆ. ನೀರಿನ ಕಲ್ಮಶ ತೆಗೆಯುವ ಸ್ಕಿಮ್ಮರ್, ರಿಟರ್ನ್ ಪಂಪ್, ವೇವ್‌ಮೇಕರ್ ಸೇರಿದರೂ ನಮ್ಮ ಮನೆ 200ರೊಳಗೆ ಉಳಿದಿದೆ, ಹೀಟ್ ಸಿಂಕಿನ ಮೇಲೆ ಎರಡು 12 ವೋಲ್ಟಿನ ಫ್ಯಾನುಗಳಿವೆ, ಚಿಲ್ಲರ್ ಇಲ್ಲ.

ಹೊಸ ದೀಪ ಹಚ್ಚಿದಾಗ ಈ ಅಂಕಿಗಳಿಗೆ ನೇರವಾಗಿ ಹೋಗಬೇಡಿ. ನೀಲಿಯನ್ನು 30 ಪ್ರತಿಶತದಿಂದ ಆರಂಭಿಸಿ ವಾರಕ್ಕೆ ಐದರಂತೆ ಏರಿಸಿದರೆ ಎರಡು ತಿಂಗಳಲ್ಲಿ ಗುರಿ ಮುಟ್ಟುತ್ತೀರಿ, ಮಶ್ರೂಮ್ ಕುಗ್ಗಿದರೆ ಅಲ್ಲಿಗೇ ನಿಲ್ಲಿಸಿ. ದೀಪದ ಕೆಳಗಿನ ಅಕ್ರಿಲಿಕ್ ಹಾಳೆಯ ಮೇಲೆ ಕೂರುವ ಉಪ್ಪಿನ ಪುಡಿಯನ್ನು ವಾರಕ್ಕೊಮ್ಮೆ ಸಿಹಿನೀರಿನ ಬಟ್ಟೆಯಿಂದ ಒರೆಸಿ. ಒಮ್ಮೆ ತಿಂಗಳು ಬಿಟ್ಟು ಒರೆಸಿದಾಗ ಲಕ್ಸ್ ಮೀಟರ್ ಒರೆಸುವ ಮೊದಲಿಗಿಂತ ಸುಮಾರು ಆರನೇ ಒಂದು ಭಾಗ ಹೆಚ್ಚು ತೋರಿಸಿತು. ಚಿಪ್ ಕೊಳ್ಳುವಾಗ ಲೆಕ್ಕಕ್ಕಿಂತ ಹತ್ತು ಹನ್ನೆರಡು ಹೆಚ್ಚಿಗೆ, ಅಳೆದು ನೋಡಿದ ಅದೇ ರೋಲಿನಿಂದಲೇ ತೆಗೆದಿಡಿ. ನನ್ನಲ್ಲಿ ಇದುವರೆಗೆ ಮೂರು ಸುಟ್ಟಿವೆ, ಮತ್ತೆ ಹೋದಾಗ ಅದೇ ಅಂಗಡಿಯಲ್ಲಿ ಅದೇ ಹೆಸರಿನ ಹೊಸ ರೋಲ್ 463 ತೋರಿಸಿತು.