ಅಕೇಶಿಯಾ ನೆರಳಲ್ಲೇ ಊರ ಮರ ಎಬ್ಬಿಸಿದ್ದು: ನನ್ನ ಅನುಭವ

'ಎಂತ ಮಾರಾಯ, ಅಕೇಶಿಯಾ ಕಡಿದು ಮತ್ತಿ ಮರ ನೆಡ್ತೀಯಾ? ನಿನ್ನ ಮೊಮ್ಮಕ್ಕಳು ನೋಡಬೇಕಷ್ಟೇ' ಅಂತ 2016ರಲ್ಲಿ ನಮ್ಮ ಭಾವ ನಕ್ಕಿದ್ದರು. ಈ ಮಾರ್ಚ್‌ನಲ್ಲಿ ಅದೇ ಭಾವ ನಮ್ಮ ಗುಡ್ಡದಿಂದ ಎರಡು ಪಿಕಪ್ ದರಕು (ಗೊಬ್ಬರಕ್ಕೆ ಹಾಕುವ ಉದುರಿದ ಒಣ ಎಲೆ) ಕೇಳಿ ಒಯ್ದರು. ಅದಕ್ಕೇ ಬರೆಯುವ ಧೈರ್ಯ ಬಂತು.

ಜಾಗ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು. ತೋಟದ ಮೇಲೆ ನಮ್ಮದೇ ಖಾತೆಯ ಎರಡೂವರೆ ಎಕರೆ ಗುಡ್ಡ, ನೆತ್ತಿಯಲ್ಲಿ ಬರೀ ಜಂಬಿಟ್ಟಿಗೆ ಕಲ್ಲು. ಅಪ್ಪ ಹಾಕಿದ ಅಕೇಶಿಯಾ ಇತ್ತು. ಅದರ ದರಕು ಬೇಗ ಕೊಳೆಯಲ್ಲ, ನಿಮಗೂ ಗೊತ್ತು.

ಮೊದಲ ವರ್ಷ ಮಾಡಿದ್ದು ದಡ್ಡತನ. ಒಂದು ಎಕರೆ ಪೂರ್ತಿ ಬೋಳಿಸಿ, ಒಂದು ನರ್ಸರಿಯಿಂದ ಧೂಪ, ಸುರಹೊನ್ನೆ, ರಾಮಪತ್ರೆ ಅಂತ 400 ಗಿಡ ತಂದೆ. ಗಿಡ, ಗುಂಡಿ, ಆಳು, ಬಾಡಿಗೆ ಸೇರಿ 40 ಸಾವಿರದ ಹತ್ತಿರ ಹೋಯಿತು. ಮಳೆಗಾಲವಿಡೀ ಚಿಗುರಿಕೊಂಡಿದ್ದವು, ನಾನೂ ಬೀಗಿಕೊಂಡು ತಿರುಗಿದೆ. ಮಾರ್ಚ್ ಬಿಸಿಲಿಗೆ ಎಲ್ಲ ಸುಟ್ಟ ಹಪ್ಪಳ. ಉಳಿದವುಗಳ ಬುಡಕ್ಕೆ ಹಸಿ ಸಗಣಿ ಹಾಕಿ ಒರಲೆಯನ್ನೂ (ಗೆದ್ದಲು) ಕರೆದೆ. ಕೊನೆಗೆ ಮೂವತ್ತೋ ಮೂವತ್ತೈದೋ ನಿಂತವು. ಹಳ್ಳದ ಬದಿ ನೆರಳಲ್ಲಿ ಬೆಳೆಯುವ ರಾಮಪತ್ರೆಯನ್ನು ಕಲ್ಲಿನ ನೆತ್ತಿಯಲ್ಲಿ ನಿಲ್ಲಿಸಿದರೆ ಅದಾದರೂ ಏನು ಮಾಡೀತು?

ಆಮೇಲೆ ನರ್ಸರಿ ಪಟ್ಟಿ ಬದಿಗಿಟ್ಟು ಪಕ್ಕದ ಕಾನಿಗೆ, ಅಂದರೆ ದಟ್ಟ ಕಾಡಿಗೆ ಹೋದೆ. ಒಳಗಲ್ಲ, ಅಂಚಿಗೆ. ಬಿಸಿಲಿಗೆ ಎದೆಯೊಡ್ಡಿ ನಿಂತ ಮರ ಯಾವುದು, ಅದರ ಬುಡದಲ್ಲಿ ಏನು ಹುಟ್ಟಿದೆ ಅಂತ ಅಡಿಕೆ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡೆ. ನೆತ್ತಿಗೆ ಹುಣಾಲು, ಮತ್ತಿ, ಹೊನ್ನೆ, ಕೌಳಿ. ನಡುವೆ ನಂದಿ, ನೇರಳೆ, ಹೆಬ್ಬಲಸು. ಕೆಳಗೆ ದಾಲ್ಚಿನ್ನಿ, ಉಪ್ಪಾಗೆ (ಒಣಸಿಪ್ಪೆಯನ್ನು ಹುಳಿಗೆ ಬಳಸುವ ಹಣ್ಣಿನ ಮರ). ರಾಮಪತ್ರೆ ಹಳ್ಳದ ಬದಿಗೆ ಮಾತ್ರ.

ಉಳಿದ ಅಕೇಶಿಯಾದಲ್ಲಿ ಮೂರಕ್ಕೊಂದು ಕಡಿಸಿ, ಮಿಕ್ಕದ್ದರ ನೆರಳಲ್ಲಿ ಇವನ್ನು ನೆಟ್ಟೆ. ಗಿಡ ಎದೆಮಟ್ಟ ಬಂದ ಮೇಲೆ ಇನ್ನೊಂದಿಷ್ಟು ಕಡಿಸಿದೆ. ಆಗ ಬೀಳುವ ದಿಕ್ಕು ನೋಡದೆ ಇಪ್ಪತ್ತು ನಂದಿ ಗಿಡ ಚಪ್ಪಟೆ! ತಾನೇ ಹುಟ್ಟುವ ಚಂದಕಲನ್ನು (ಅಗಲ ಎಲೆಯ, ಬೇಗ ಬೆಳೆಯುವ ಮರ) ಆಳುಗಳು ಕಳೆ ಅಂತ ಸವರುತ್ತಿದ್ದರು, ಅದನ್ನು ನಿಲ್ಲಿಸಿದೆ. ಎರಡೇ ವರ್ಷಕ್ಕೆ ಸಸಿಗಳ ತಲೆ ಮೇಲೆ ಪುಕ್ಕಟೆ ಕೊಡೆ. ಕೊಡೆ ಇಲ್ಲದ ಕಡೆ ಅಡಿಕೆ ಹಾಳೆಯನ್ನು ಪಡುವಣ ದಿಕ್ಕಿಗೆ ಗೂಟಕ್ಕೆ ಕಟ್ಟಿದೆ, ಮಧ್ಯಾಹ್ನದ ಬಿಸಿಲು ತಪ್ಪಿತು.

ಉಪ್ಪಾಗೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬೀಜ ಹಾಗೇ ಹಾಕಿದರೆ ಆರೇಳು ತಿಂಗಳು ಕಾಯಬೇಕು, ಅಷ್ಟರಲ್ಲಿ ಇಲಿಗೆ ಹಬ್ಬ. ನಾನು ಹಣ್ಣು ಒಡೆದು, ಬೀಜವನ್ನು ಬೂದಿಯಲ್ಲಿ ತಿಕ್ಕಿ ಲೋಳೆ ತೆಗೆದು, ಉಗುರಿನಲ್ಲೇ ಹೊರಸಿಪ್ಪೆ ಸುಲಿಯುತ್ತೇನೆ. ಒಳಗಿನ ತಿರುಳಿಗೆ ಗೀರು ಬಿದ್ದರೆ ಕೊಳೆಯಿತು ಅಂತಲೇ ಲೆಕ್ಕ. ಹಲಸಿನ ಬೀಜ ಸುಲಿದು ಪಳಗಿದ ನನ್ನ ಹೆಂಡತಿಯ ಕೈಗೆ ನೂರಕ್ಕೆ ಐದೂ ಹಾಳಾಗಲ್ಲ, ನನ್ನ ಕೈಗೆ ಇಪ್ಪತ್ತು. ತಿಂಗಳೊಳಗೆ ಮೊಳಕೆ ಕಾಣುತ್ತದೆ. ಸುಲಿದದ್ದನ್ನು ಒಂದು ರಾತ್ರಿ ಯಾವುದರಲ್ಲಿ ಇಡುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಬೇಕಾದವರು ಮನೆಗೆ ಬನ್ನಿ, ಕಾಫಿ ಕುಡಿಯೋಣ. ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಹೂ ಬಿಡುವವರೆಗೂ ಗೊತ್ತಾಗಲ್ಲ. ಅದಕ್ಕೆ ಗುಂಡಿಗೆ ಎರಡೆರಡು ನೆಟ್ಟಿದ್ದೇನೆ.

ನಡುವೆ ಸುಮ್ನೆ ಒಂದು ಆಟ ಮಾಡಿದೆ. ಬೋಳಿಸಿದ ಎಕರೆಯಲ್ಲಿ ಅಕೇಶಿಯಾದ ಒಣ ಕವೆಕೊಂಬೆ ಹತ್ತು ಕಡೆ ಹುಗಿದೆ, ಹಕ್ಕಿ ಕೂರಲಿ ಅಂತ. ಪಿಕಳಾರಗಳು ಕೂತವು, ಹಿಕ್ಕೆಯಲ್ಲಿ ಬೀಜ ಉದುರಿಸಿದವು. ಮೂರನೇ ಮಳೆಗಾಲಕ್ಕೆ ಆರು ಕೊಂಬೆಗಳ ಬುಡದಲ್ಲಿ ನೇರಳೆ, ದಾಲ್ಚಿನ್ನಿ, ಕೌಳಿ ಸಸಿ. ಲಂಟಾನವೂ ಬಂತು, ಅದನ್ನು ಕಿತ್ತಿದ್ದೇ ಕಿತ್ತಿದ್ದು.

ಖರ್ಚು ಇಲ್ಲಿವರೆಗೆ ಒಂದು ಲಕ್ಷದ ಮೇಲೆ ಇಪ್ಪತ್ತೋ ಮೂವತ್ತೋ ಸಾವಿರ, ಅದರಲ್ಲಿ ಅರ್ಧ, ದನ ತಡೆಯುವ ಅಗಳಕ್ಕೇ (ಸುತ್ತಲಿನ ಕಂದಕ) ಹೋಯಿತು. ಅಕೇಶಿಯಾ ಸೌದೆಯಿಂದ 80 ಸಾವಿರ ವಾಪಸ್ ಬಂದಿರಬಹುದು.

ಭಾವನಿಗೆ ಈ ಮಳೆಗಾಲಕ್ಕೆ 50 ಉಪ್ಪಾಗೆ ಸಸಿ ಬೇಕಂತೆ. ಕೊಟ್ಟೆಗೆ (ಸಸಿಯ ಪ್ಲಾಸ್ಟಿಕ್ ಚೀಲ) 20 ರೂಪಾಯಿ ಅಂದಿದ್ದೇನೆ.