ಶೆರ್ಮ್ಯಾಕ್ ತೂತಿನ ಪ್ರೀಕ್ಯಾನ್ಸಲ್ ಅಂಚೆಚೀಟಿ: ಹುಡುಕುವುದು, ಗುರುತಿಸುವುದು

1906ರ ಸುಮಾರಿನಿಂದ ಅಮೆರಿಕದ ಅಂಚೆ ಇಲಾಖೆ 400 ಚೀಟಿಗಳ, ತೂತಿಲ್ಲದ (ಚೀಟಿ ಬಿಡಿಸಲು ನಡುವೆ ಹೊಡೆಯುವ ತೂತಿನ ಸಾಲಿಲ್ಲದ) ಹಾಳೆಗಳನ್ನು ಖಾಸಗಿ ಯಂತ್ರ ಕಂಪನಿಗಳಿಗೆ ಮಾರುತ್ತಿತ್ತು. ಶೆರ್ಮ್ಯಾಕ್, ಬ್ರಿಂಕರ್‌ಹಾಫ್, ಯು.ಎಸ್. ಆಟೋಮ್ಯಾಟಿಕ್ ಮುಂತಾದ ಕಂಪನಿಗಳು ಅವನ್ನು ಪಟ್ಟಿಯಾಗಿ ಕತ್ತರಿಸಿ, ತುದಿಗೆ ತುದಿ ಅಂಟಿಸಿ, ತಮ್ಮ ಯಂತ್ರಕ್ಕೆ ಹೊಂದುವ ತೂತು ಹೊಡೆದು ಸುರುಳಿ ಮಾಡುತ್ತಿದ್ದವು. ಕೆಲವು ಯಂತ್ರ ಕಾಸು ಹಾಕಿದರೆ ಚೀಟಿ ಕೊಡುವಂಥವು, ಕೆಲವು ಲಕೋಟೆಗೆ ಚೀಟಿ ಅಂಟಿಸುವಂಥವು. ಪ್ರೀಕ್ಯಾನ್ಸಲ್ ಎಂದರೆ ಬಳಸುವ ಮೊದಲೇ ಊರು, ರಾಜ್ಯದ ಹೆಸರಿನ ರದ್ದು ಮುದ್ರೆ ಬಿದ್ದ ಚೀಟಿ. ಅದನ್ನು ಬಳಸಲು ಪರವಾನಗಿ ಬೇಕಿತ್ತು. ಹಾಗಾಗಿ ಇಂಥ ತೂತಿನ ಚೀಟಿಯಲ್ಲಿ ಪ್ರೀಕ್ಯಾನ್ಸಲ್ ಕಂಡರೆ, ಅದು ದೊಡ್ಡ ವ್ಯಾಪಾರಿಯ ಅಂಟಿಸುವ ಯಂತ್ರದಿಂದ ಬಂದದ್ದು ಎಂದೇ ಹುಡುಕಾಟ ಶುರುಮಾಡಿ.

ಹುಡುಕಲು ಒಳ್ಳೆಯ ಜಾಗ, 1 ಸೆಂಟ್ ಹಸಿರು ಮತ್ತು 2 ಸೆಂಟ್ ಕೆಂಪು ವಾಷಿಂಗ್ಟನ್–ಫ್ರಾಂಕ್ಲಿನ್ (ಈ ಇಬ್ಬರಲ್ಲಿ ಒಬ್ಬರ ಮುಖವಿರುವ, 1908ರಿಂದ ಬಂದ ಸರಣಿಯ) ಚೀಟಿಗಳ ಅಗ್ಗದ ರಾಶಿ. ಶೆರ್ಮ್ಯಾಕ್ ತೂತಿನವನ್ನು ಅಂಚು ಹರಿದ ಚೀಟಿ ಎಂದುಕೊಂಡು ಮಾರುವವರೇ ಪಕ್ಕಕ್ಕಿಡುತ್ತಾರೆ. ಮೇಲೆ ಕೆಳಗೆ ನೇರ ಅಂಚು, ಎಡಬಲ ಅಂಚಿನಲ್ಲಿ ಎರಡೆರಡು ಆಯತಾಕಾರದ ಕಚ್ಚು ಇದ್ದರೆ ಅದು ಶೆರ್ಮ್ಯಾಕ್ ಮೂರನೇ ಬಗೆ. ಕತ್ತರಿ ಸ್ವಲ್ಪ ಸರಿದರೆ ಒಂದು ಬದಿಯ ಕಚ್ಚು ಆಳ, ಇನ್ನೊಂದು ಬದಿಯದು ತೆಳು, ಅದು ದೋಷವಲ್ಲ. ಅಂದ ಕಾಣಲೆಂದು ಅಂಚನ್ನು ಎಂದೂ ಸಮ ಮಾಡಬೇಡಿ, ಗುರುತೇ ಹೋಗುತ್ತದೆ.

ಇನ್ನು ಕಾಲ ನಿರ್ಣಯ. ಬೆಲೆ ‘ಒನ್ ಸೆಂಟ್’, ‘ಟೂ ಸೆಂಟ್ಸ್’ ಎಂದು ಅಕ್ಷರದಲ್ಲಿದ್ದರೆ 1908ರ ವಿನ್ಯಾಸ. ಅಂಕಿಯಲ್ಲಿದ್ದರೆ 1912ರಿಂದ ಈಚೆಯದು. ಆಮೇಲೆ ವಾಟರ್‌ಮಾರ್ಕ್, ಅಂದರೆ ಕಾಗದದೊಳಗೇ ಅಡಗಿರುವ ಅಕ್ಷರದ ಗುರುತು: ಕಪ್ಪು ತಟ್ಟೆಯಲ್ಲಿ ಚೀಟಿಯನ್ನು ಮುಖ ಕೆಳಗೆ ಮಾಡಿ ಇಟ್ಟು ವಾಟರ್‌ಮಾರ್ಕ್ ದ್ರವ ನಾಲ್ಕೈದು ಹನಿ ಹಾಕಿ. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರವಿರಬಾರದು. ಎರಡು ಗೆರೆಯ ಅಕ್ಷರ 1910ರವರೆಗಿನ ಕಾಗದ, ಒಂದೇ ಗೆರೆಯದು 1916ರವರೆಗಿನದು, ಆಮೇಲೆ ಏನೂ ಇಲ್ಲ. ಒಂದು ಚೀಟಿಯ ಮೇಲೆ ಅಕ್ಷರದ ತುಣುಕಷ್ಟೇ ಬೀಳುತ್ತದೆ, ಕೆಲವೊಮ್ಮೆ ಕಾಣುವುದೂ ಇಲ್ಲ. ಆದ್ದರಿಂದ ‘ಕಾಣಲಿಲ್ಲ’ ಎಂಬುದನ್ನೇ ‘ಇಲ್ಲ’ ಎಂದು ಬರೆದುಕೊಳ್ಳಬೇಡಿ. 1918–20ರ ಆಫ್‌ಸೆಟ್ ಮುದ್ರಣದಲ್ಲೂ ಇದೇ ತೂತು ಸಿಗುತ್ತದೆ. ಕೆತ್ತಿದ ಅಚ್ಚಿನಲ್ಲಿ ಶಾಯಿ ಉಬ್ಬಿರುತ್ತದೆ, ಆಫ್‌ಸೆಟ್‌ನಲ್ಲಿ ನುಣುಪು, ಗೆರೆ ಮಸುಕು.

ಪ್ರೀಕ್ಯಾನ್ಸಲ್ ಮುದ್ರೆಯಲ್ಲಿ ಊರಿನ ಹೆಸರು, ಗೆರೆಗಳ ಸಂಖ್ಯೆ, ಅಕ್ಷರದ ಎತ್ತರ, ಮುದ್ರೆ ನೆಟ್ಟಗೋ ತಲೆಕೆಳಗೋ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಪ್ರೀಕ್ಯಾನ್ಸಲ್ ಸ್ಟ್ಯಾಂಪ್ ಸೊಸೈಟಿಯವರ ಪಟ್ಟಿಯಲ್ಲಿ ಊರೂರಿಗೂ ಬಗೆಯ ಸಂಖ್ಯೆ ಇದೆ; ಅದರ ಜೊತೆ ಹೋಲಿಸಿ.

ನಕಲಿಗಳದ್ದೇ ದೊಡ್ಡ ತಲೆನೋವು. ತೂತಿಲ್ಲದ ಸಾದಾ ಚೀಟಿಗೆ ಕಚ್ಚು ಹೊಡೆಯುವುದು ಕಷ್ಟದ ಕೆಲಸವಲ್ಲ. ಮಾಮೂಲಿ ತೂತಿನ ಚೀಟಿಯ ಅಂಚನ್ನು ಕತ್ತರಿಸಿ ಕಚ್ಚು ಹಾಕುವವರೂ ಇದ್ದಾರೆ. ಅಂಥದ್ದು ಅಗಲದಲ್ಲಿ ಸಿಕ್ಕಿಬೀಳುತ್ತದೆ, ಚಿತ್ರದ ಪಕ್ಕದ ಬಿಳಿ ಜಾಗ ತೀರಾ ಕಿರಿದು. ಅಸಲಿ ಎಂದು ಖಚಿತವಾದ ಒಂದು ಅಗ್ಗದ ಶೆರ್ಮ್ಯಾಕ್ ಚೀಟಿ ಕೊಂಡು ಅಳತೆಗೋಲಾಗಿ ಇಟ್ಟುಕೊಳ್ಳಿ. ಎರಡು ಕಚ್ಚುಗಳ ಎತ್ತರ, ನಡುವಿನ ಅಂತರ ಅದಕ್ಕೆ ಕೂಡದಿದ್ದರೆ ಕೊಳ್ಳಬೇಡಿ. 10 ಪಟ್ಟು ಭೂತಗನ್ನಡಿಯಲ್ಲಿ ಕಚ್ಚಿನ ಅಂಚು ನೋಡಿ: ಪ್ರೀಕ್ಯಾನ್ಸಲ್ ಶಾಯಿ ಕತ್ತರಿಸಿದ ನಾರಿನೊಳಗೆ ಇಳಿದಿದ್ದರೆ, ಮುದ್ರೆ ತೂತಿನ ನಂತರ ಬಿದ್ದಿರಬಹುದು; ಅದೊಂದರಿಂದಲೇ ನಕಲಿ ಎನ್ನಬೇಡಿ, ಉಳಿದ ಗುರುತುಗಳನ್ನೂ ನೋಡಿ.

ಪೂರ್ತಿ ಲಕೋಟೆ ಸಿಕ್ಕರೆ ನೀರಿಗೆ ಹಾಕಲೇಬೇಡಿ. ಮೂಲೆಯಲ್ಲಿ ಅಚ್ಚಾದ ವ್ಯಾಪಾರಿಯ ವಿಳಾಸವೂ ಮುದ್ರೆಯ ಊರೂ ಒಂದೇ ಆಗಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಬಿಡಿ ತುಣುಕಾದರೆ, ತಣ್ಣೀರಿನ ಮೇಲೆ ಮುಖ ಮೇಲಾಗಿ 15–20 ನಿಮಿಷ ತೇಲಿಬಿಡಿ. ನೇರಳೆ ಕೈಮುದ್ರೆಯ ಶಾಯಿ ನೀರಿನಲ್ಲಿ ಬಿಡುತ್ತದೆ, ಅಂಥ ಚೀಟಿಯನ್ನು ತುಣುಕಿನ ಸಮೇತವೇ ಇಟ್ಟುಕೊಳ್ಳಿ. ಬಿಟ್ಟುಬಂದ ಚೀಟಿಯನ್ನು ಒತ್ತುಕಾಗದದ ನಡುವೆ ಭಾರ ಇಟ್ಟು ಒಣಗಿಸಿ, ಚಿಮಟದಲ್ಲಿ ಅಂಚನ್ನು ಮುಟ್ಟದೆ ಎತ್ತಿ, ಕಚ್ಚುಗಳು ಕಾಣುವಂತೆ ಕಪ್ಪು ಪುಟದ ಸ್ಟಾಕ್‌ಬುಕ್‌ನಲ್ಲಿ (ಚೀಟಿ ಸಿಕ್ಕಿಸಿಡುವ ಪಟ್ಟಿಗಳಿರುವ ಪುಸ್ತಕ) ಇಡಿ.